ಎರಡನೆಯ ಸದ್ದು

ಮೀರ್‌ಬೀನ್, ಯೆಮ್ಟ್‌ಲಾಂಡ್
ಆಗಸ್ಟ್ ೧೯

ನನ್ನ ತೂವಾ ಮರೀ,

ಅಮ್ಮ ಫೋನು ಬಿಟ್ಟು ಕಾಗದ ಹಿಡಿದಿದ್ದಾಳಲ್ಲ, ಏನು ಗ್ರಹಚಾರವೋ ಎಂದು ಗಾಬರಿಯಾಗಬೇಡ. ಇಲ್ಲಿ ಯಾರೂ ಸತ್ತಿಲ್ಲ. ಫೋನಿನಲ್ಲಿ ಮಾತಾಡುವಂತಿಲ್ಲ, ಅಷ್ಟೆ. ಕಣ್ಣು ಮಂಜಾದಷ್ಟೂ ನಿನ್ನಪ್ಪನ ಕಿವಿ ಚುರುಕಾಗಿದೆ. ನಾನು ಸೌದೆಮನೆಯಲ್ಲಿ ನಿಂತು ಪಿಸುಗುಟ್ಟಿದರೂ ಅಡುಗೆಮನೆಯಿಂದ "ಯಾರ ಹತ್ರನೇ ಅದು?" ಎಂದು ಕೇಳುತ್ತಾನೆ. ಪೆನ್ನಿಗೆ ಬಾಯಿಲ್ಲ, ಅದಕ್ಕೇ ಈ ಉಪಾಯ. ಈಗ ಅವನು ಕಿಟಕಿಯ ಬಳಿ ಕೂತು ರಾಸ್ಕಾಳ ಮೈ ಬಾಚುತ್ತಿದ್ದಾನೆ. ನಾಯಿ ಬೇಸಿಗೆಯ ಕೂದಲು ಉದುರಿಸಿ ಉದುರಿಸಿ ಮನೆಯನ್ನೆಲ್ಲ ಕಂಬಳಿ ಮಾಡಿದೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ನಮ್ಮ ಬೇಟೆ ತಂಡದ ಮುಖ್ಯಸ್ಥ ಹಿಲ್ಡಿಂಗ್ ಬಂದಿದ್ದ. ಸೆಪ್ಟೆಂಬರಿನ ಮೊದಲ ಸೋಮವಾರ ಮೂಸ್ ಜಿಂಕೆಗಳ ಬೇಟೆ ಶುರುವಲ್ಲವೇ, ಹೊಂಚು ಕೂರಲು ಯಾರಿಗೆ ಯಾವ ಜಾಗ ಎಂದು ಹಂಚಬೇಕು. ಜೌಗಿನ ಅಂಚಿನಲ್ಲಿ ವಾಲಿದ ಪೈನ್ ಮರದ ಕೆಳಗಿನ ನಮ್ಮ ಜಾಗ ಎರಡು ವರ್ಷದಿಂದ ಖಾಲಿ. ಮೂರನೆಯ ವರ್ಷವೂ ಮನೆಯವರು ಯಾರೂ ಕೂರದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ. ತಂಡದ ಈ ಕಟ್ಟಳೆ ನಿನಗೂ ಗೊತ್ತು. ಪಾಪ, ಹಿಲ್ಡಿಂಗ್ ನಮ್ಮ ಕಡೆಯ ವಾಡಿಕೆಯಂತೆ ಕಾಫಿಯೊಳಗೆ ಚೀಸ್ ಹಾಕಿಕೊಂಡು ಕಾಫಿ ಆರಿಹೋಗುವವರೆಗೂ ತಿರುವುತ್ತ ಕೂತ. ಕೊನೆಗೆ "ಆಲ್ರಿಕ್, ಈ ಸಲ ನಿಮ್ಮನೇಲಿ ಯಾರಾದ್ರೂ ಕೂತ್ಕೋತೀರೇನಪ್ಪಾ?" ಎಂದ. ನಿನ್ನಪ್ಪ "ಯಾರಿಗಾದ್ರೂ ಕೊಟ್ಕೋ ಹೋಗು. ನಂಗೇನಾಗ್ಬೇಕು ಅದರಿಂದ" ಎಂದ. ಹಿಲ್ಡಿಂಗ್ ಅತ್ತ ಹೋದದ್ದೇ ತಡ, ಇವನು ಸೌದೆಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಕಣ್ಣು ಕೆಂಡದ ಹಾಗಿತ್ತು. ಕೇಳಿದರೆ ಧೂಳಂತೆ!

ನಿಮ್ಮಿಬ್ಬರ ಜಗಳದಲ್ಲಿ ನಾನು ಬಾಯಿ ಹಾಕಿದವಳಲ್ಲ. ಅವನು ಕೊನೆಯ ಸಲ ಬೇಟೆಗೆ ಹೋದ ದಿನ ಹಿಲ್ಡಿಂಗನ ನಾಯಿಯನ್ನೇ ಮೂಸ್ ಮರಿ ಎಂದುಕೊಂಡು ಬಂದೂಕು ಎತ್ತಿದ. ಪಕ್ಕದ ಜಾಗದಲ್ಲಿದ್ದ ನೀನು ಕೂಗಿದೆ, ನಾಯಿ ಉಳಿಯಿತು. ಸಂಜೆ ಮಾಂಸ ಕೊಯ್ಯುವ ಕೊಟ್ಟಿಗೆಯಲ್ಲಿ ಎಲ್ಲರೆದುರು ನೀನು "ಅಪ್ಪನ ಕಣ್ಣು ಹೋಗಿದೆ, ಬಂದೂಕು ಇಸ್ಕೊಳ್ಳಿ" ಎಂದೆ. ನೀನು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತು. ಆದರೂ ಆ ಜನರ ಮುಂದೆ ಮಗಳ ಬಾಯಿಂದ ಕೇಳಬೇಕಾಯಿತಲ್ಲ, ಅದು ಅವನಿಗೆ ಇನ್ನೂ ಜೀರ್ಣವಾಗಿಲ್ಲ.

ನೀನು ಮನೆ ಬಿಟ್ಟು ಹೊರಟಾಗ ಬಾಗಿಲಲ್ಲಿ ನಿಂತು ಅವನು "ನಿನ್ನ ಬೇಟೆ ಚೆನ್ನಾಗಿ ಆಗ್ಲಿ" ಎಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಈ ಊರಿನಲ್ಲಿ ಯಾರಾದರೂ ಯಾರಿಗಾದರೂ ಹಾಗೆ ಹೇಳುತ್ತಾರೆಯೇ? ಹಾಲು ಕುಡಿಯುವ ಕೂಸಿಗೂ ಗೊತ್ತು, ಬೇಟೆಗೆ ಹೊರಟವರಿಗೆ ನಮ್ಮವರು "ಹಾಳಾಗಿ ಹೋಗ್ಲಿ ನಿನ್ನ ಬೇಟೆ!" ಎಂದು ಬೈದೇ ಕಳಿಸಬೇಕು. ಒಳ್ಳೆಯದು ಹಾರೈಸಿದರೆ ಕೆಟ್ಟದ್ದು ಬಯಸಿದಂತೆ. ನೀನು ಪುಟ್ಟ ಕೂಸಾಗಿದ್ದಾಗಿನಿಂದ, ಪರೀಕ್ಷೆಗೆ ಹೋಗುವಾಗಲೂ, ಅವನು ಹಾಗೇ ಬೈದು ಕಳಿಸುತ್ತಿದ್ದ. ಅವತ್ತು ಮಾತ್ರ ನಗುನಗುತ್ತ ಹಾರೈಸಿದ. ನೀನೂ ಅವನದೇ ರಕ್ತ. "ಅಪ್ಪನೇ ಬಾಯಿಬಿಟ್ಟು ಕರೆದರೆ ಬರ್ತೀನಿ, ಇಲ್ಲದಿದ್ರೆ ಇಲ್ಲ" ಎಂದು ದೂರದ ದಕ್ಷಿಣದ ಮಾಲ್ಮೋ ಸೇರಿಕೊಂಡೆ.

ಈಗ ನಾನು ಇಲ್ಲಿ ನಡೆಸಿರುವ ಕಿತಾಪತಿ ಕೇಳು. ವಸಂತದಲ್ಲಿ ನೀನು ನನ್ನ ಹೆಸರಿಗೆ ನಿಮ್ಮ ಕಂಪನಿಯ ಬೇಟೆಯ ವಿಡಿಯೋ ಆಟ ಕಳಿಸಿದ್ದೆಯಲ್ಲ, ಅದರ ಪ್ರಾಣಿಗಳಿಗೆ ಮೂಗು, ಕಿವಿ, ಕಣ್ಣು ಕೊಡುವ ಕೆಲಸ ನಿನ್ನದು ಎಂದು ಬರೆದು. ಅದನ್ನು ಲೈಬ್ರರಿಯಿಂದ ತಂದೆ ಎಂದು ನಿನ್ನಪ್ಪನಿಗೆ ಸುಳ್ಳು ಹೇಳಿ ಟಿವಿಗೆ ಹಾಕಿದೆ. ಚಳಿಗಾಲವಿಡೀ ಗೋಡೆ ನೋಡುತ್ತ ಕೂತವನನ್ನು ಕಂಡು ಕಂಡು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಗುಂಡಿ ಒತ್ತುವವಳು ನಾನು. ಅವನು ಕುರ್ಚಿಯಲ್ಲಿ ಬೆನ್ನು ಹಾಕಿ ಕೂತು, ಇಂಥ ಮಕ್ಕಳಾಟಕ್ಕೆಲ್ಲ ತಾನು ಕಿವಿ ಕೊಡುವುದಿಲ್ಲ ಎಂಬ ಮುಖ ಮಾಡಿದ್ದ. ನಾನು ಕಾಡಿಗೆ ನುಗ್ಗಿದೆ, ಮೂಸ್ ಓಡಿತು. ಮತ್ತೆ ನುಗ್ಗಿದೆ, ಮತ್ತೆ ಓಡಿತು. ಇವನಿಗೆ ತಡೆಯಲಾಗಲಿಲ್ಲ. "ಟ್ರ್ಯಾಕ್ಟರ್ ಓಡಿಸ್ತಿದ್ದೀಯೇನೇ ಗುನ್ವೊರ್? ನಿಂತ್ಕೋ. ಗಾಳಿ ಎಲ್ಲಿಂದ?" ಎಂದ. ಪರದೆಯ ಮೂಲೆಯಲ್ಲಿ ಗಾಳಿಯ ಬಾಣವಿತ್ತು, ನಮ್ಮ ಬೆನ್ನಿನಿಂದ ಎಂದೆ. "ಹಾಗಾದ್ರೆ ನೀನು ಬೆಳಗ್ಗೆ ತಿಂದ ಮೀನಿನ ವಾಸನೆ ಅದಕ್ಕೆ ಆಗ್ಲೇ ಬಡಿದಿರುತ್ತೆ. ಸುತ್ತು ಹಾಕು, ಮಾರಾಯ್ತಿ!" ಎಂದ. ಸುತ್ತಿ ಹೋದೆ, ತೆವಳಿ ಹೋದೆ. ಮೂಸ್ ತಲೆ ಎತ್ತದೆ ಮೇಯುತ್ತಿತ್ತು. ನನಗಂತೂ ಗುಂಡು ಹಾರಿಸಲು ಮನಸ್ಸೇ ಬರಲಿಲ್ಲ ತೂವಾ. "ಹೊಡಿಯೇ!" ಎಂದರೆ "ಅಯ್ಯೋ, ಎಷ್ಟು ಚೆನ್ನಾಗಿ ತಿಂತಿದೆ, ನೀನು ಬೇಕಾದ್ರೆ ಹೊಡಿ" ಎಂದುಬಿಟ್ಟೆ.

ಅವತ್ತಿನಿಂದ ದಿನಾ ಊಟವಾದ ಮೇಲೆ ನಮ್ಮದು ಅದೇ ಕೆಲಸ. ನಾನು ಅವನ ಕಣ್ಣು, ಅವನು ನನ್ನ ಕಿವಿ. ಒಂದು ದಿನ ಅವನು ನನ್ನ ಕೈ ಗಟ್ಟಿಯಾಗಿ ಹಿಡಿದು "ಅಲ್ಲಾಡ್ಬೇಡ. ಹಕ್ಕಿಗಳು ಬಾಯಿ ಮುಚ್ಚಿದ್ವು, ಇಲ್ಲಿ ನಮ್ಮನ್ನ ಬಿಟ್ಟು ಇನ್ಯಾರೋ ಬೇಟೆಗೆ ಬಂದಿದ್ದಾರೆ" ಎಂದ. ಪರದೆಯಲ್ಲಿ ಏನೂ ಇರಲಿಲ್ಲ. "ನಿನ್ನ ಭ್ರಮೆ" ಎಂದು ಹಂಗಿಸುತ್ತ ಇದ್ದೆ, ಪೊದೆಯಿಂದ ಕರಡಿ ಬಂದೇಬಿಟ್ಟಿತು! ಮೂಸ್‌ಗಳಿಗೆ ಅದರ ಸುಳಿವು ಮೊದಲೇ ಸಿಕ್ಕಿತ್ತು, ಅವು ಆಗಲೇ ಜೌಗಿನ ಆಚೆ ಸೇರಿದ್ದವು. ಕರಡಿಗೆ ಸಿಕ್ಕಿದ್ದು ನಾನೊಬ್ಬಳೇ ಪೆದ್ದಿ. ನಾನು ಕಿಟಾರನೆ ಕಿರುಚಿ ಎಲ್ಲ ಗುಂಡಿ ಒಟ್ಟಿಗೆ ಒತ್ತಿದೆ. ನಿನ್ನಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು ನಕ್ಕ. ನಿಮ್ಮ ಜಗಳವಾದಾಗಿನಿಂದ ನಾನು ಆ ನಗು ಕೇಳಿರಲಿಲ್ಲ. ಒಲೆಯ ಬಳಿ ಹೋಗಿ ಬೆನ್ನು ಮಾಡಿ ನಿಂತು ಅತ್ತೆ.

ಮುಂದಿನದನ್ನು ಹೇಳಲೆಂದೇ ಈ ಕಾಗದ. ಕಳೆದ ವಾರ ಮರಿಯಿದ್ದ ಒಂದು ಹೆಣ್ಣು ಮೂಸ್ ಹತ್ತಿರ ಹೋಗಿದ್ದೆವು. ನನ್ನ ಕಾಲ ಕೆಳಗೆ ಕಡ್ಡಿ ಲಟ್ಟೆಂದಿತು. ಮುಗಿಯಿತು ಎಂದುಕೊಂಡೆ. ಅದು ಓಡಲಿಲ್ಲ. ಎಡಗಿವಿ ಮಾತ್ರ ನನ್ನ ಕಡೆ ತಿರುಗಿಸಿ ಮತ್ತೆ ಮೇಯತೊಡಗಿತು. ನಾನು ಧೈರ್ಯ ಮಾಡಿ ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಕಡ್ಡಿ ಮುರಿಯಿತು. ತಕ್ಷಣ ತಾಯಿಯೂ ಇಲ್ಲ, ಮರಿಯೂ ಇಲ್ಲ.

ಕಂಡದ್ದನ್ನೆಲ್ಲ ಹೇಳಿದೆ. ನಿನ್ನಪ್ಪ ಮೆಲ್ಲಗೆ "ಮೊದಲನೇ ಸದ್ದು ಕಾಡಿಂದು, ಎರಡನೇದು ಮನುಷ್ಯಂದು" ಎಂದ. ವಾಲಿದ ಪೈನ್ ಮರದ ಕೆಳಗೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಕಲಿಸಿದ ಮಾತು ಅದು. "ಈ ಆಟ ಮಾಡಿದೋರು ಯಾರೇ?" ಎಂದು ಕೇಳಿದ. ಯಾರೋ ದಕ್ಷಿಣದವರು, ಮಾಲ್ಮೋದವರಂತೆ ಎಂದೆ. "ಮಾಲ್ಮೋದಲ್ಲಿ ಇದು ಗೊತ್ತಿರೋಳು ಒಬ್ಬಳೇ" ಎಂದ. ಬೈಯುತ್ತಾನೆ, ಆಟ ಕಿತ್ತು ಹಾಕು ಎನ್ನುತ್ತಾನೆ ಎಂದು ಕಾದು ಕೂತೆ. ಅವನು ಎದ್ದು ಹೋಗಿ ಮಲಗಿದ. ಮಾರನೆಯ ದಿನ ಊಟವಾದ ಮೇಲೆ ತಾನೇ ಬಂದು ಕೂತು "ಹಾಕೇ ಅವಳ ಕಾಡನ್ನ" ಎಂದ. ಲೈಬ್ರರಿಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೀನು ಬಾ ಮಗಳೇ. ನಮ್ಮ ಜಾಗದಲ್ಲಿ ನೀನು ಬಂದೂಕು ಹಿಡಿದು ಕೂರು, ಪಕ್ಕದಲ್ಲಿ ಅವನು ಬರಿಗೈಯಲ್ಲಿ ಕೂರಲಿ. ಅವನು ಕೇಳಿ ಹೇಳಲಿ, ನೀನು ನೋಡು. ಹಿಲ್ಡಿಂಗನನ್ನು ಗೇಟಿನವರೆಗೆ ಕಳಿಸಲು ಹೋದಾಗ ಕೇಳಿದೆ, ಧಾರಾಳವಾಗಿ ಆಗಬಹುದು ಎಂದ. ನಿನ್ನಪ್ಪನನ್ನು ಮಾತ್ರ ಕೇಳಿಲ್ಲ. ಕೇಳಿದರೆ ಬೇಡ ಎನ್ನುತ್ತಾನೆ, ಒಮ್ಮೆ ಬೇಡ ಎಂದಮೇಲೆ ಆ ಮೊಂಡ ಮಾತು ಬದಲಿಸುವವನಲ್ಲ. ಕರೆಯದೆ ಬರುವುದಿಲ್ಲ ಎಂಬ ಹಟ ಬಿಡು ಎಂದು ನಿನ್ನನ್ನು ಕೇಳುವುದಷ್ಟೇ ನನಗೆ ಉಳಿದಿರುವುದು. ಜಾಗ ಹೋದರೆ ಹೋಗಲಿ ಎಂದು ಅವನು ಬಾಯಲ್ಲಿ ಹೇಳುತ್ತಾನೆ. ಆ ಜಾಗ ಬೇರೆಯವರ ಪಾಲಾದರೆ ಅವನು ಮತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಾನೆ, ನನಗೆ ಅದರ ಭಯ. ನಿನ್ನ ಕಾಡು ಎಷ್ಟೇ ಚೆನ್ನಾಗಿರಲಿ ಕಂದಾ, ಅದರಲ್ಲಿ ನೀನಿಲ್ಲ.

ಈ ಸಲ ಜೌಗಿನಲ್ಲಿ ಕಾಡುಹಣ್ಣು ಚೆನ್ನಾಗಿ ಬಿಟ್ಟಿತ್ತು, ನಿನ್ನ ಪಾಲಿನ ಜಾಮ್ ಎತ್ತಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದಾರಿ ನೋಡುವ ಅಮ್ಮ,
ಗುನ್ವೊರ್

ತಾ.ಕ. ಕಾಗದ ಮಡಿಸುವ ಮೊದಲೇ ಸಿಕ್ಕಿಬಿದ್ದೆ. ಮೊದಲನೆಯ ಹಾಳೆ ಮಗುಚಿದಾಗ ಅವನು ನಾಯಿಯನ್ನು ಬಾಚುತ್ತಲೇ ಇದ್ದ. ಎರಡನೆಯದನ್ನು ಮಗುಚಿದೆ ನೋಡು, ಬಾಚಣಿಗೆ ನಿಂತಿತು. "ತೂವಾಗೆ ತಾನೇ?" ಎಂದ. ಹೂಂ ಎಂದೆ, ಇನ್ನೇನು ಹೇಳಲಿ? ಬರೆದದ್ದನ್ನೆಲ್ಲ ಓದಿಸಿಕೊಂಡ. ಕರಡಿಯ ಪ್ರಸಂಗಕ್ಕೆ ಮತ್ತೆ ನಕ್ಕ, ಕೊಟ್ಟಿಗೆಯ ಪ್ರಸಂಗಕ್ಕೆ ತಲೆ ತಗ್ಗಿಸಿದ. ಬೆಳಗಿನ ಹೊತ್ತು ಆ ಪೈನ್ ಮರದ ಕೆಳಗೆ ಗಾಳಿ ಉತ್ತರದ್ದು, ದಪ್ಪ ಕಾಲುಚೀಲ ತರಲು ಹೇಳು ಎಂದ. ನಾನು ಅಳುತ್ತ ಅದನ್ನು ಬರೆದುಕೊಳ್ಳುತ್ತಿದ್ದರೆ "ಇನ್ನೊಂದಿದೆ, ದೊಡ್ಡಕ್ಷರದಲ್ಲಿ ಬರಿ" ಎಂದ. ಅವನು ಹೇಳಿದ ಹಾಗೇ ಬರೆದಿದ್ದೇನೆ: ಹಾಳಾಗಿ ಹೋಗ್ಲಿ ನಿನ್ನ ಬೇಟೆ.