ಉದ್ಧರಣೆ

ಹೈರಿಡ್ಜ್, ನೈರೋಬಿ
೪ ಡಿಸೆಂಬರ್ ೨೦೨೪

ಗೌರಕ್ಕನಿಗೆ ನಿರುಪಮಾ ಮಾಡುವ ನಮಸ್ಕಾರಗಳು.

ಇಲ್ಲಿ ನಾನು, ಯಜಮಾನರು ಅನಂತ್, ಮಗಳು ಅನಘಾ ಮೂವರೂ ಚೆನ್ನಾಗಿದ್ದೇವೆ. ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ಬರೆಯುವುದು ತಡವಾಯಿತು, ಕ್ಷಮಿಸು. ಹತ್ತು ದಿನ ತಡವಾಗಿದ್ದರೆ ಮೈ ಹುಷಾರಿರಲಿಲ್ಲ, ಮಗಳಿಗೆ ಪರೀಕ್ಷೆ ಇತ್ತು ಎಂದು ಏನಾದರೂ ಸಬೂಬು ಹೇಳುತ್ತಿದ್ದೆ. ಮೂವತ್ತನಾಲ್ಕು ವರ್ಷಕ್ಕೆ ಯಾವ ಸಬೂಬೂ ಸಾಲುವುದಿಲ್ಲ.

ಮೊದಲ ಸಾಲಿಗೇ ನಾಲ್ಕು ಹಾಳೆ ಹರಿದೆ. ನಿನ್ನನ್ನು ಏನೆಂದು ಕರೆಯಲಿ? ನಮ್ಮ ನಂಜನಗೂಡಿನ ಮನೆಯಲ್ಲಿ ನೀನು ‘ಚಿಕ್ಕಿ’. ಅದು ನಿನ್ನ ಹೆಸರಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮಜ್ಜಿಯೂ ಗೌರಮ್ಮ, ನೀನೂ ಗೌರಮ್ಮ. ಹಿತ್ತಲ ಬಾಗಿಲಲ್ಲಿ ನಿಂತು ‘ಏ ಗೌರೀ’ ಎಂದು ಕೂಗಿದರೆ ಯಜಮಾನಿಯ ಹೆಸರಿಗೆ ಅವಮಾನ ಎಂದು ನಿನ್ನ ಹೆಸರನ್ನು ಬಂದ ದಿನವೇ ತೆಗೆದುಹಾಕಿದರಂತೆ. ನನಗಿಂತ ನಾಲ್ಕು ವರ್ಷ ದೊಡ್ಡವಳು ನೀನು. ಆದರೂ ನಾನು ನಿನ್ನನ್ನು ‘ಏ ಚಿಕ್ಕಿ’ ಎನ್ನುತ್ತಿದ್ದೆ. ನೀನು ಐದು ವರ್ಷದ ನನ್ನನ್ನು ‘ಬಂದೆ ಅಮ್ಮಣ್ಣಿ’ ಎನ್ನುತ್ತಿದ್ದೆ. ಈ ಪತ್ರವನ್ನು ‘ನೀವು’ ಎಂದು ಶುರುಮಾಡಿ ನೋಡಿದೆ. ಯಾರೋ ಅಧಿಕಾರಿಗೆ ಅರ್ಜಿ ಬರೆದಂತೆ ಕಂಡಿತು. ಅಕ್ಕ ಎಂದ ಮೇಲೆ ನೀನು ಎನ್ನಬಹುದಲ್ಲವೇ? ತಪ್ಪಾದರೆ ಬೈದುಬಿಡು.

ನಿನ್ನ ವಿಳಾಸ ಸಿಕ್ಕಿದ್ದು ನಮ್ಮ ದೊಡ್ಡಪ್ಪನ ಮಗ ಪುರುಷೋತ್ತಮನಿಂದ. ಅವನಿಗೆ ಈಗ ನಿಮ್ಮ ತಾಲ್ಲೂಕಿನಲ್ಲೇ ಇಂಜಿನಿಯರ್ ಕೆಲಸ. ಸಂವಿಧಾನ ದಿನದಂದು ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿದ್ದನಂತೆ, ಒಂದು ಫೋಟೊ ಕಳಿಸಿದ. ಮೈಕಿನ ಮುಂದೆ ಹಸಿರು ಸೀರೆಯ ಹೆಂಗಸು, ಕೈಯಲ್ಲಿ ಕಾಗದ. ಕೆಳಗೆ ‘ಶ್ರೀಮತಿ ಗೌರಮ್ಮ, ಸದಸ್ಯರು’. ಯಾರೋ ಏನೋ ಎಂದು ಮುಚ್ಚುವವಳಿದ್ದೆ. ಆಗ ಎಡಹುಬ್ಬಿನ ಮೇಲಿನ ಗಾಯದ ಗುರುತು ಕಂಡಿತು. ಬಚ್ಚಲ ಒಲೆಯ ಹತ್ತಿರ ಬಿದ್ದು ಆದದ್ದು. ಕೂಡಲೇ ಪುರುಷೋತ್ತಮನಿಗೆ ಫೋನು ಮಾಡಿದೆ.

“ಹೌದು ಕಣೇ, ಅವಳೇ... ಅವರೇ,” ಎಂದ. ನಾಲಿಗೆ ತಿದ್ದಿಕೊಂಡ ನೋಡು. “ಅವರು ಓದ್ತಾರೇನೋ?” ಎಂದು ಕೇಳಿದೆ. “ಮದುವೆ ಆಗಿ ಎಷ್ಟೋ ವರ್ಷ ಆದ್ಮೇಲೆ ಸಾಕ್ಷರತಾ ಕ್ಲಾಸಲ್ಲಿ ಕಲಿತರಂತೆ. ಪೀಠಿಕೆ ಪೂರ್ತಿ ಓದಿದ್ರು, ಎಲ್ಲೂ ತಡವರಿಸಲಿಲ್ಲ.” ಫೋಟೊದಲ್ಲಿ ನಿನ್ನ ಕನ್ನಡಕ ನೋಡಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೆ? ಈ ಪತ್ರವನ್ನು ಬೇರೆಯವರು ನಿನಗೆ ಓದಿ ಹೇಳುವುದು ಬೇಡವಾಗಿತ್ತು.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ನಿಮ್ಮ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದಾರಂತೆ, ನೀನು ಆ ಸ್ಥಾನಕ್ಕೆ ನಿಲ್ಲುತ್ತೀಯಂತೆ. “ಆದ್ರೆ ಊರಲ್ಲಿ ಕೆಲವರು ಹಳೇ ಕಥೆ ಎತ್ತಿದಾರೆ. ನಮ್ಮ ತಾತನ ಮನೇಲಿ ಬೆಳ್ಳಿ ಕದ್ದೋಳು, ಪಂಚಾಯ್ತಿ ದುಡ್ಡು ಬಿಡ್ತಾಳಾ ಅಂತ.” ಹೇಳಿ ಸ್ವಲ್ಪ ನಕ್ಕ. ನಾನು ನಿನ್ನ ವಿಳಾಸ ಕೇಳಿ ಬರೆದುಕೊಂಡೆ.

ಅದೇ ವಾರ ಇಲ್ಲಿ ಇನ್ನೊಂದು ನಡೆಯಿತು. ಅನಘಾಳಿಗೆ ಹದಿನೈದು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ಶಾಲೆಯ ಚರಿತ್ರೆ ತರಗತಿಯಲ್ಲಿ ಅವರವರ ಮನೆಮಾತಿನಲ್ಲಿ ಒಂದು ಕಾನೂನು ಓದಬೇಕಂತೆ. ಕಿಕುಯು ಹುಡುಗ ಕಿಕುಯುವಿನಲ್ಲಿ, ಗುಜರಾತಿ ಹುಡುಗಿ ಗುಜರಾತಿಯಲ್ಲಿ. ಇವಳ ಪಾಲಿಗೆ ಬಂದದ್ದು ಅಮೆರಿಕದ ಸಂವಿಧಾನದ ಮೂರು ತಿದ್ದುಪಡಿಗಳು. ಆಫ್ರಿಕಾದಿಂದ ಹಿಡಿದುಕೊಂಡು ಹೋದವರನ್ನು ಅಲ್ಲಿ ತಲೆತಲಾಂತರ ಗುಲಾಮರಾಗಿ ಇಟ್ಟುಕೊಂಡಿದ್ದರಲ್ಲ, ದೊಡ್ಡ ಯುದ್ಧವಾದ ಮೇಲೆ ಬಂದ ತಿದ್ದುಪಡಿಗಳು. ಒಂದು ಗುಲಾಮಗಿರಿಯನ್ನು ತೆಗೆಯಿತು. ಇನ್ನೊಂದು, ಈ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು, ಕಾನೂನಿನ ಮುಂದೆ ಸಮಾನರು ಎಂದಿತು. ಮೂರನೆಯದು, ಬಣ್ಣ ನೋಡಿ, ಹಿಂದೆ ಗುಲಾಮರಾಗಿದ್ದರೆಂದು ನೋಡಿ ವೋಟು ತಪ್ಪಿಸಕೂಡದು ಎಂದಿತು. ನೀನು ಕೂತಿರುವ ಪಂಚಾಯಿತಿಯ ಕುರ್ಚಿಯ ಹಿಂದೆಯೂ ನಮ್ಮ ದೇಶದ ಒಂದು ತಿದ್ದುಪಡಿ ಇದೆಯೆಂದು ಅವಳೇ ಹುಡುಕಿ ಹೇಳಿದಳು. ನನ್ನ ಮಗಳು ಬುದ್ಧಿವಂತೆ, ನನ್ನಂತಲ್ಲ.

ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತೆವು. ಗುಲಾಮಗಿರಿ ಸುಲಭವಾಗಿ ಬಂತು. ಅದರ ಪಕ್ಕದಲ್ಲೇ ಇನ್ನೊಂದು ಮಾತಿತ್ತು: ಮನಸ್ಸಿಲ್ಲದೆ ಮಾಡುವ ಊಳಿಗ. “ಅಮ್ಮಾ, ದಿಸ್ ಒನ್?” ಎಂದಳು. ನಾನು ‘ಜೀತ’ ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲಿರಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಮಾತಿತ್ತು. ‘ಮನೆ ಮಗಳ ಹಾಗೆ’ ಎನ್ನುತ್ತಿದ್ದೆವು.

ಆಮೇಲೆ ಅನಘಾ ಒಂದು ಕಡೆ ಬೆರಳಿಟ್ಟಳು. “ಅಮ್ಮಾ, ಇಲ್ಲೊಂದು ಎಕ್ಸೆಪ್ಟ್ ಇದೆ ನೋಡು. ಅಪರಾಧಕ್ಕೆ ಪನಿಶ್‌ಮೆಂಟ್ ಆಗಿ ಅಲ್ಲದೆ. ಅಂದ್ರೆ, ಒಬ್ಬರನ್ನ ಥೀಫ್ ಅಂದ್ಬಿಟ್ರೆ ಮತ್ತೆ ಇಟ್ಕೋಬಹುದಾ? ಜಸ್ಟ್ ಲೈಕ್ ದಟ್?” ಅಲ್ಲಿ ಹಾಗೆಯೇ ಮಾಡಿದರಂತೆ ಎಂದು ಅವಳು ಓದುತ್ತಾ ಹೋದಳು. ಸುಮ್ಮನೆ ತಿರುಗಾಡಿದವನನ್ನೂ ಕಳ್ಳನೆಂದು ಹಿಡಿದು, ಬಿಡುಗಡೆಯಾದವನನ್ನೇ ಮತ್ತೆ ಸರಪಳಿ ಹಾಕಿ ದುಡಿಸಿಕೊಂಡರಂತೆ. ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ದಿನವನ್ನು ನಿನಗೆ ನಾನು ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಊರಿನವರಿಗೆ ತೋರಿಸಬೇಕಾದರೆ ಬರವಣಿಗೆಯಲ್ಲಿರಲಿ. ಎಂಬತ್ತಾರನೆಯ ಇಸವಿ, ಜೂನ್ ತಿಂಗಳು. ನಿನಗೆ ಹದಿನಾಲ್ಕು, ನನಗೆ ಹತ್ತು. ನಿಮ್ಮವ್ವ ತಾಲ್ಲೂಕು ಕಚೇರಿಯವರೊಬ್ಬರನ್ನು ಕರೆದುಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದರು. “ಬುದ್ದಿ, ಮಗೀಗೆ ಆಸ್ಟೆಲ್ನಲ್ಲಿ ಸೀಟು ಸಿಕ್ಕದ. ಕಳಿಸ್ಕೊಡಿ,” ಎಂದರು. ತಾತ ಶಿರಸ್ತೇದಾರರಾಗಿ ನಿವೃತ್ತರಾದವರು, ಕಾನೂನು ಅವರಿಗೆ ಬಾಯಿಪಾಠ. “ಜೀತ ಗೀತ ಎಲ್ಲಾ ನಮ್ಮನೇಲಿಲ್ಲ ಸ್ವಾಮಿ. ಮನೆ ಮಗಳ ಹಾಗಿದಾಳೆ. ಊಟ ಮಾಡ್ಲಿ, ಕರ್ಕೊಂಡು ಹೋಗಿ,” ಎಂದರು. ನೀನು ನನ್ನ ಎರಡು ಹಳೆಯ ಫ್ರಾಕು, ಒಂದು ಸ್ಲೇಟು ಗಂಟು ಕಟ್ಟಿಕೊಂಡೆ. ನನಗೆ ಜಡೆ ಹಾಕಿದೆ. “ಇನ್ಮೇಕೆ ಅಮ್ಮನ ಕೈಲಿ ಹಾಕಿಸ್ಕಳಿ ಅಮ್ಮಣ್ಣಿ,” ಎಂದೆ. ಅಷ್ಟು ಖುಷಿಯಾಗಿ ನಿನ್ನನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ತಾತ ಪೂಜೆಗೆ ಕೂತರು. ಪಂಚಪಾತ್ರೆಯಲ್ಲಿ ನೀರಿತ್ತು, ಉದ್ಧರಣೆ ಇರಲಿಲ್ಲ. ಬೆರಳುದ್ದದ ಬೆಳ್ಳಿ ಸೌಟು, ಆಚಮನಕ್ಕೆ ನೀರು ತೆಗೆದುಕೊಳ್ಳುವುದು, ಅವರ ತಂದೆಯ ಕಾಲದ್ದು. ಮನೆಯೆಲ್ಲ ಹುಡುಕಿದರು. ಕೊನೆಗೆ ನಿನ್ನ ಗಂಟನ್ನು ಅಂಗಳದಲ್ಲಿ ಬಿಚ್ಚಿಸಿದರು, ಸ್ಲೇಟು ಕಲ್ಲಿನ ಮೇಲೆ ಬಿದ್ದು ಒಡೆಯಿತು. ಗಂಟಿನಲ್ಲಿ ಏನೂ ಸಿಗಲಿಲ್ಲ. ಸಿಗದಿದ್ದದ್ದೇ ನೀನು ಜಾಣತನದಿಂದ ಅಡಗಿಸಿಟ್ಟಿದ್ದಕ್ಕೆ ಸಾಕ್ಷಿಯಾಯಿತು. “ಕಂಪ್ಲೇಂಟ್ ಕೊಟ್ರೆ ರಿಮ್ಯಾಂಡ್ ಹೋಮ್. ಇಲ್ಲಾ, ಸಿಗೋವರೆಗೂ ಇಲ್ಲೇ ಇರ್ಲಿ. ನೀವೇ ಹೇಳಿ,” ಎಂದು ತಾತ ಕೇಳಿದ್ದು ಕಚೇರಿಯವರನ್ನು, ನಿಮ್ಮವ್ವನನ್ನಲ್ಲ. ಅವರು ಫೈಲು ಮುಚ್ಚಿಕೊಂಡು ಎದ್ದರು. ನಿಮ್ಮವ್ವ ತಾತನ ಕಾಲು ಹಿಡಿದದ್ದು ನನ್ನ ಕಣ್ಣಿಗೆ ಕಟ್ಟಿದೆ.

ಮತ್ತೆ ನಾಲ್ಕು ವರ್ಷ ನೀನು ನಮ್ಮ ಹಿತ್ತಲ ಜಗಲಿಯಲ್ಲಿ ಮಲಗಿದೆ. ಹಾಸ್ಟೆಲಿನ ಸೀಟು ಬೇರೆ ಯಾರಿಗೋ ಹೋಯಿತು.

ಗೌರಕ್ಕ, ನೀನು ಉದ್ಧರಣೆ ತೆಗೆದಿಲ್ಲ. ದೇವರಮನೆಯ ಹೊಸ್ತಿಲನ್ನು ನೀನು ಒಂಬತ್ತು ವರ್ಷದಲ್ಲಿ ಒಂದು ದಿನವೂ ದಾಟಲಿಲ್ಲ; ದಾಟಲು ನಿನ್ನನ್ನು ಯಾರೂ ಬಿಡುತ್ತಿರಲಿಲ್ಲ. ಮುಟ್ಟಬಾರದವಳು ಎಂದವರೇ ಮುಟ್ಟಿ ಕದ್ದಳು ಎಂದರು. ಅಷ್ಟು ಸಣ್ಣ ವಿಷಯ ಆ ಮನೆಯ ಓದಿದವರಿಗೆ ಯಾರಿಗೂ ಹೊಳೆಯಲಿಲ್ಲ. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಈ ಮಾತನ್ನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಪತ್ರವನ್ನು ಪಂಚಾಯಿತಿಯಲ್ಲಿ ಓದಿಸು, ಪುರುಷೋತ್ತಮನಿಗೆ ಮೊದಲು ಓದಿಸು. ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಫೋಟೊ ನನಗೂ ಬರಲಿ.

ಇಲ್ಲಿನ ನನ್ನ ಸಂಸಾರದ ಬಗ್ಗೆಯೂ ಎರಡು ಮಾತು. ನಮ್ಮ ಮನೆಗೆಲಸಕ್ಕೆ ಮುಥೋನಿ ಎಂಬ ಹೆಂಗಸು ಬರುತ್ತಾಳೆ, ಪಂಗಾನಿಯಿಂದ ಮಟಾಟು ಎಂಬ ಬಾಡಿಗೆ ವ್ಯಾನು ಹಿಡಿದು. ಹೋದ ತಿಂಗಳು ಕನ್ನಡ ಬಲ್ಲ ಪಕ್ಕದ ಮನೆಯ ಕಾರ್ಮಿನ್ ಬಾಯಿ ಬಂದಾಗ ನಾನು ಬಹಳ ಹೆಮ್ಮೆಯಿಂದ, “ಮುಥೋನಿ ನಮಗೆ ಮನೆ ಮಗಳ ಹಾಗೆ,” ಎಂದೆ. ಅನಘಾ ಅದನ್ನು ಇಂಗ್ಲಿಷಿನಲ್ಲಿ ಮುಥೋನಿಗೆ ಹೇಳಿದಳು. ಅವಳು ಪಾತ್ರೆ ಒರೆಸುತ್ತಾ ಚೆನ್ನಾಗಿ ನಕ್ಕಳು. “ಅಸಾಂಟೆ ಮಾಮಾ, ಥ್ಯಾಂಕ್ಸ್. ಆದರೆ ನನಗೆ ಅಮ್ಮ ಇದ್ದಾಳೆ, ನ್ಯೆರಿಯಲ್ಲಿ. ಭಾನುವಾರ ನೋಡಲು ಹೋಗುತ್ತೇನೆ,” ಎಂದಳು. ನಾಲ್ಕು ಗಂಟೆಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಆ ಉತ್ತರ ಕೊಡಲು ನಿನಗೂ ಅಮ್ಮ ಇದ್ದರು, ಬಾಯಿ ಇರಲಿಲ್ಲ.

ಇಲ್ಲಿನ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಆಳುಗಳಿಗೆಂದು ಒಂದು ಪುಟ್ಟ ಕೋಣೆ ಕಟ್ಟಿರುತ್ತಾರೆ, ಎಸ್‌ಕ್ಯೂ ಎನ್ನುತ್ತಾರೆ. ನಮ್ಮದರಲ್ಲಿ ಯಾರೂ ಇಲ್ಲ, ಸೂಟ್‌ಕೇಸು ತುಂಬಿದ್ದೇವೆ. ಆದರೂ ಬೆಳಿಗ್ಗೆ ಕಾಫಿಗೆ ನೀರಿಡುವಾಗ ಅಲ್ಲಿ ಯಾರೋ ಚಾಪೆ ಸುತ್ತುವ ಸದ್ದು ಕೇಳುತ್ತದೆ. ಬಾಗಿಲು ತೆಗೆದು ನೋಡುತ್ತೇನೆ; ಅದೇ ಸೂಟ್‌ಕೇಸುಗಳು. ಮಗಳನ್ನು ಕೂಗಿದರೆ, ಅವಳು “ವಾಟ್, ಅಮ್ಮಾ?” ಎನ್ನುವುದಕ್ಕೆ ಒಂದು ಕ್ಷಣ ಮೊದಲು “ಬಂದೆ ಅಮ್ಮಣ್ಣಿ” ಎಂದು ಕೇಳಿಸುತ್ತದೆ. ಅನಂತ್‌ಗೆ ಹೇಳಿದರೆ ಬಿಪಿ ಚೆಕ್ ಮಾಡಿಸು ಎನ್ನುತ್ತಾರೆ. ಮಾಡಿಸಿದ್ದೇನೆ, ಸರಿಯಾಗಿಯೇ ಇದೆ. ನನಗೆ ಭಯವಾಗುತ್ತದೆ ಗೌರಕ್ಕ.

ಅನಘಾ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದಳು. ಶೀರ್ಷಿಕೆಗೆ ಗುಲಾಮರ ಬಿಡುಗಡೆಗೆ ಒಳ್ಳೆಯ ಪದ ಬೇಕು ಎಂದಾಗ ‘ವಿಮೋಚನೆ’ ಎಂದೆ. ಅವಳು ಫೋನಿನ ನಿಘಂಟು ನೋಡಿ, “ಉದ್ಧರಣೆ ಅಂತನೂ ಇದೆ. ಮೇಲಕ್ಕೆತ್ತೋದು. ನೈಸ್ ವರ್ಡ್,” ಎಂದಳು. ಅದು ಬೇಡ ಎಂದು ಗದರಿದೆ. ಯಾಕೆಂದು ಅವಳಿಗೆ ಇನ್ನೂ ಹೇಳಿಲ್ಲ.

ಅನಂತ್ ಮುಂದಿನ ವಾರ ಆಫೀಸಿನ ಕೆಲಸದ ಮೇಲೆ ಬೆಂಗಳೂರಿಗೆ ಬರುತ್ತಾರೆ, ಇದನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕುತ್ತಾರೆ. ನಿನಗೆ, ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ಒಳ್ಳೆಯದಾಗಲಿ. ಆಶೀರ್ವಾದ ಮಾಡಬೇಕಾದವಳು ನೀನು. ನನಗೆ ಬೇಡ, ನನ್ನ ಮಗಳಿಗೆ ಮಾಡು.

ಇಂತಿ,
ನಿರುಪಮಾ
(ಅಮ್ಮಣ್ಣಿ ಅಲ್ಲ)

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ನೀನು ತೆಗೆದಿಲ್ಲವೆಂದು ನನಗೆ ಗೊತ್ತಿರುವುದು ಹೊಸ್ತಿಲಿನಿಂದಲ್ಲ. ತೆಗೆದವಳು ನಾನು. ನೀನು ಗಂಟು ಕಟ್ಟುತ್ತಿದ್ದಾಗ ತೆಗೆದೆ. ಅದು ಸಿಗದಿದ್ದರೆ ಗಲಾಟೆಯಾಗುತ್ತದೆ, ಆ ದಿನ ನಿನ್ನ ಪ್ರಯಾಣ ನಿಲ್ಲುತ್ತದೆ ಎಂದಷ್ಟೇ ಗೊತ್ತಿತ್ತು. ನೀನು ಹೋಗುವುದು ನನಗೆ ಬೇಡವಾಗಿತ್ತು, ಅಷ್ಟೇ. ಅಮ್ಮ ಜಡೆ ಹಾಕಿದರೆ ನೋಯುತ್ತಿತ್ತು. ನಿನ್ನ ಮೇಲೆ ಅಷ್ಟು ಪ್ರೀತಿ ಇತ್ತು. ಆಮೇಲೆ ಹೇಳಲು ತಾತನ ಭಯ, ಆಮೇಲೆ ನಾಚಿಕೆ, ಆಮೇಲೆ ಅಭ್ಯಾಸ.

ಅಟ್ಟದ ಮೇಲೆ ನಾವಿಬ್ಬರೂ ಅಡುಗೆ ಆಟ ಆಡುತ್ತಿದ್ದ ಸಾಮಾನಿನ ಬಿಸ್ಕತ್ ಡಬ್ಬಿಯಲ್ಲಿ ಅದನ್ನು ಬಚ್ಚಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ. ನಿನ್ನ ಮದುವೆಯಾಗಿ ನೀನು ಹೊರಟ ಮರುದಿನ ಹತ್ತಿ ಡಬ್ಬಿ ತೆಗೆದೆ. ನಾಲ್ಕು ವರ್ಷ ಬಿದ್ದಿದ್ದ ಬೆಳ್ಳಿ ಕಪ್ಪಾಗಿರಬೇಕಿತ್ತು. ಫಳಫಳ ಹೊಳೆಯುತ್ತಿತ್ತು, ಹುಣಸೆಹಣ್ಣಿನ ನಾರು ಹಿಡಿಯಲ್ಲಿ ಇನ್ನೂ ಅಂಟಿತ್ತು. ಯುಗಾದಿಗೆ ಅಟ್ಟ ಗುಡಿಸುತ್ತಿದ್ದವಳು ನೀನೊಬ್ಬಳೇ.

ನಾನು ಅದನ್ನು ಹೋದಲ್ಲೆಲ್ಲ ಒಯ್ದಿದ್ದೇನೆ, ಒಂದು ದಿನವೂ ಉಜ್ಜಿಲ್ಲ. ಈ ಪತ್ರದ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಈ ವಿ.ಸೂ.ವನ್ನೂ ಓದಿಸು, ಹೆಸರು ಮುಚ್ಚಬೇಡ.

ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರ ಕೊಡದಿದ್ದರೂ ಸರಿ. ಅದು ನಿನಗೆ ಸಿಕ್ಕಿದ್ದು ಯಾವ ವರ್ಷ? ಹಿಡಿದುಕೊಂಡು ಕೆಳಗೆ ಬಂದಿದ್ದರೆ ನಿನ್ನ ಕೈಯಲ್ಲೇ ಸಿಕ್ಕಿತು ಎನ್ನುತ್ತಿದ್ದರು, ಅದು ನಿನಗೆ ಗೊತ್ತಿತ್ತು. ಆ ಡಬ್ಬಿಯಲ್ಲಿ ಯಾರು ಇಟ್ಟದ್ದು ಎಂಬುದೂ ಗೊತ್ತಿತ್ತು. ನೀನು ಅದನ್ನು ತೊಳೆದು, ಒರೆಸಿ, ನನ್ನ ಆಟದ ಪಾತ್ರೆಗಳ ನಡುವೆ ಮತ್ತೆ ಇಟ್ಟೆ. ಕೆಳಗಿಳಿದು ಬಂದು ನನಗೆ ಜಡೆ ಹಾಕಿದೆ.