ಕಾಮಣ್ಣ ತಾನಾಗಿ ಇಳಿಯಲಿಲ್ಲ

ಸಕ್ಕರೆ ಕಾರ್ಖಾನೆಯ ವ್ಯವಸ್ಥಾಪಕ ನಿರ್ದೇಶಕರಿಗೆ, ಅದೇ ಕಾರ್ಖಾನೆಯ ನೌಕರನೊಬ್ಬ ಬರೆದ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಅಪಘಾತ ವರದಿಯಲ್ಲಿ ಸತ್ತವನೊಬ್ಬನ ಮೇಲೆ ಸುಳ್ಳು ಬರೆಯಲಾಗಿದೆ. ‘ಗುತ್ತಿಗೆ ಕಾರ್ಮಿಕ ಕಾಮಣ್ಣನು ಸೂಚನೆಯನ್ನು ಮೀರಿ, ತಾನಾಗಿ ಕಾಕಂಬಿಯ ಟಾಕಿಗೆ ಇಳಿದು ಮೃತಪಟ್ಟನು.’ ಈ ಒಂದು ಸಾಲನ್ನು ತಿದ್ದಬೇಕೆಂದು ನಾನು ಹಿಂದೆ ನಿಮಗೆ ಎರಡು ಬಾರಿ ಬರೆದೆ. ಉತ್ತರ ಬರಲಿಲ್ಲ. ಬಂದದ್ದು ಕಳೆದ ಆಗಸ್ಟಿನಲ್ಲಿ ನೀವು ಎಲ್ಲರಿಗೂ ಹಂಚಿಸಿದ ‘ನಮ್ಮ ನೀತಿ ಸಂಹಿತೆ’ ಎಂಬ ನುಣುಪು ಕಾಗದದ ಪುಸ್ತಿಕೆ. ಮೊದಲ ಪುಟದಲ್ಲಿ ನಿಮ್ಮ ಭಾವಚಿತ್ರ, ಅದರ ಕೆಳಗೆ ‘ಸತ್ಯ ನುಡಿಯುವ ನೌಕರನೇ ಸಂಸ್ಥೆಯ ಆಸ್ತಿ’ ಎಂಬ ವಾಕ್ಯ. ನಿಮ್ಮ ಆಸ್ತಿ ಎಲ್ಲಿದೆ ಎಂಬುದು ನಿಮಗೆ ತಿಳಿದಿರಲಿಕ್ಕಿಲ್ಲ. ಗೋಣಿಚೀಲದ ಗೋದಾಮಿನ ಹಿಂದೆ ಒಂದು ಕೋಣೆಯಿದೆ. ಅಲ್ಲಿ ಒಂದು ಮೇಜು, ಒಂದು ಕುರ್ಚಿ ಇವೆ. ಕುರ್ಚಿಯ ಮೇಲೆ ನಾನಿದ್ದೇನೆ.

ಹದಿನೇಳು ವರ್ಷ ನಾನು ನಿಮ್ಮ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ಕಬ್ಬಿನ ರಸದ ಸಿಹಿ ಅಳೆಯುವುದು ನಿತ್ಯದ ಕೆಲಸ. ಅದರ ಜೊತೆಗೆ ಇನ್ನೊಂದು ಹೊಣೆಯಿತ್ತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ತುಂಬಿಡುವ ಉಕ್ಕಿನ ಟಾಕಿಗಳನ್ನು ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲು ಮನುಷ್ಯರೇ ಇಳಿದು ತೊಳೆಯಬೇಕು. ತಳದಲ್ಲಿ ಕೊಳೆತ ಪಾಕದಿಂದ ವಿಷಗಾಳಿ ಏಳುತ್ತದೆ. ಆದ್ದರಿಂದ ಒಳಗಿನ ಗಾಳಿಯನ್ನು ಯಂತ್ರದಿಂದ ಪರೀಕ್ಷಿಸಿ, ಪರವಾನಗಿ ಚೀಟಿಗೆ ಸಹಿ ಮಾಡಬೇಕಾದವನು ನಾನು.

ಬೇಡಕಿಹಾಳದ ಕಾಮಣ್ಣ ಪ್ರತಿ ವರ್ಷ ಆ ಕೆಲಸಕ್ಕೆ ಬರುತ್ತಿದ್ದ. ಊರ ಬಾವಿಗಳ ಹೂಳೆತ್ತಿ ಪಳಗಿದ ಗಟ್ಟಿಮುಟ್ಟಾದ ಆಳು. ಮರಾಠಿ ಹಾಡನ್ನು ಗುನುಗುತ್ತ ಲ್ಯಾಬಿನ ಬಾಗಿಲಲ್ಲಿ ನಿಂತು, “ಗಾಳಿ ನೋಡಿದ್ರೇನ್ರಿ ಲ್ಯಾಬ್ ಸಾಹೇಬ್ರ? ನೀವು ಹೂಂ ಅಂದ್ರನ ನಾ ಇಳಿಯಾಂವ” ಎನ್ನುತ್ತಿದ್ದ. ಒಂದು ವರ್ಷವೂ ಕೇಳದೆ ಇಳಿದವನಲ್ಲ. ಸೂಚನೆ ಮೀರುವವನ ಲಕ್ಷಣ ಇದೇನು?

ಈಗ ನನ್ನ ತಪ್ಪನ್ನು ಹೇಳುತ್ತೇನೆ. 2012ರ ಜೂನ್‌ನಲ್ಲಿ ಆ ಯಂತ್ರ ಕೆಟ್ಟಿತು. ಉತ್ಪಾದನಾ ವಿಭಾಗದ ಮುಖ್ಯಸ್ಥರಾದ ಆಬಾಸಾಹೇಬರಿಗೆ ಮೂರು ಸಲ ಬರೆದೆ. ಹೊಸದು ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರು ನನ್ನನ್ನು ಕರೆದು, “ಹಂಗಾಮ ಹತ್ರ ಬಂತ್ರಿ ಶಾಂತಿನಾಥ. ಯಂತ್ರ ಬರೂತನಕ ಕೆಲಸ ನಿಲ್ಲಸಾಕ ಆಗ್ತೈತೇನು? ಹತ್ತ ಚೀಟಿಗೆ ಸಹಿ ಮಾಡಿ ಇಟ್ಟಹೋಗ್ರಿ. ಗಾಳಿ ನಾವ ನೋಡಕೋತೀವಿ” ಎಂದರು. ಯಂತ್ರವಿಲ್ಲದೆ ಇವರು ಏನನ್ನು ನೋಡಿಕೊಳ್ಳುತ್ತಾರೆ ಎಂದು ನನಗೆ ಹೊಳೆಯಲಿಲ್ಲವೆಂದರೆ ಅದು ಸುಳ್ಳಾದೀತು. ಹೊಳೆಯಿತು. ಆದರೂ ಖಾಲಿ ಚೀಟಿಗಳಿಗೆ ಸಹಿ ಮಾಡಿದೆ. ‘ಇಲ್ಲ’ ಎನ್ನುವುದು ಬಹಳ ಸಣ್ಣ ಮಾತು. ಅಂದು ಅದು ನನ್ನ ಬಾಯಿಂದ ಹೊರಡಲಿಲ್ಲ.

ಸಹಿ ಮಾಡಿದ ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಬೇರೆ ಕೆಲಸದ ಮೇಲೆ ಚಿಕ್ಕೋಡಿಗೆ ಹೋಗಿದ್ದೆ. ಟಾಕಿಯ ಮೇಲೆ ಹಗ್ಗ ಹಿಡಿದು ನಿಂತಿದ್ದ ಮುರಗೆಪ್ಪ ಮಾರನೆಯ ದಿನ ಅಳುತ್ತ ನನಗೆ ಹೇಳಿದ್ದು ಇಷ್ಟು. ಕಾಮಣ್ಣ ಏಣಿಯ ಮೇಲೆ ನಿಂತು, “ಲ್ಯಾಬ್ ಸಾಹೇಬ್ರ ಎಲ್ಲಿ ಅದಾರ? ಗಾಳಿ ನೋಡ್ಯಾರೇನು?” ಎಂದು ಕೇಳಿದ. ಆಬಾಸಾಹೇಬರು ಚೀಟಿ ತೋರಿಸಿ, “ಸಹಿ ಅವರದ ಹೌದಿಲ್ಲೋ ನೋಡ. ಇಳಿ ಲಗೂನ” ಎಂದರು. ಕಾಮಣ್ಣನಿಗೆ ಓದಲು ಬರುತ್ತಿರಲಿಲ್ಲ. ನನ್ನ ಸಹಿಯ ಗುರುತು ಮಾತ್ರ ಇತ್ತು. ಇಳಿದ. ಐದು ನಿಮಿಷದಲ್ಲಿ ಹಗ್ಗ ಸಡಿಲಾಯಿತು. ಮೇಲೆತ್ತುವಷ್ಟರಲ್ಲಿ ಜೀವ ಹೋಗಿತ್ತು.

ಆಮೇಲೆ ನೀವು ಒಂದು ಆಂತರಿಕ ವಿಚಾರಣಾ ಸಮಿತಿ ನೇಮಿಸಿದಿರಿ. ಅದರ ಮುಂದೆ ಹೋಗುವ ಮೊದಲು ಆಬಾಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, “ಚೀಟಿ ಹರದ ಒಗದೇನಿ. ನಿಮಗೂ ತ್ರಾಸಿಲ್ಲ, ನಮಗೂ ಇಲ್ಲ. ತಾನ ಇಳದಾನ ಅಂತ ಹೇಳಿ ಬರ್ರಿ” ಎಂದರು. ನಾನು ಒಳಗೆ ಹೋಗಿ ಕೆಟ್ಟ ಯಂತ್ರ, ಮೂರು ಪತ್ರ, ನನ್ನ ಖಾಲಿ ಸಹಿ ಎಲ್ಲವನ್ನೂ ಹೇಳಿದೆ. ಸಮಿತಿಯವರು ಸೌಜನ್ಯದಿಂದ ಬರೆದುಕೊಂಡರು. ವರದಿಯಲ್ಲಿ ಅದರ ಒಂದಕ್ಷರವೂ ಇಲ್ಲ. ಮುರಗೆಪ್ಪ ತಾನು ಏನನ್ನೂ ಕೇಳಿಸಿಕೊಂಡಿಲ್ಲವೆಂದು ಹೇಳಿ ಹೋದ. ಮೂರು ಮಕ್ಕಳ ತಂದೆ. ಅವನನ್ನು ನಾನು ದೂರುವುದಿಲ್ಲ.

ಅದೇ ವರ್ಷ ನಮ್ಮ ಕಾರ್ಖಾನೆಗೆ ‘ಅಪಘಾತರಹಿತ ವರ್ಷ’ದ ಪ್ರಶಸ್ತಿ ಬಂತು. ನಾನು ಕಣ್ಣುಜ್ಜಿಕೊಂಡು ಓದಿದೆ. ಗುತ್ತಿಗೆಯವನು ಸತ್ತರೆ ಅದು ಗುತ್ತಿಗೆದಾರನ ಅಪಘಾತವಂತೆ, ಕಾರ್ಖಾನೆಯದಲ್ಲವಂತೆ. ಟಾಕಿ ನಿಮ್ಮದು, ಕಾಕಂಬಿ ನಿಮ್ಮದು, ‘ಇಳಿ’ ಎಂದ ಬಾಯಿಯೂ ನಿಮ್ಮದೇ. ಹೆಣವೊಂದು ಮಾತ್ರ ಯಾರದೋ. ಇಂಥ ವಿವೇಕವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಮಾನ್ಯರೇ?

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನೀವು ಅಷ್ಟು ಒರಟರಲ್ಲ. ಗೋದಾಮಿನ ಹಿಂದಿನ ಕೋಣೆಗೆ ‘ವಿಶೇಷ ಕರ್ತವ್ಯ’ದ ಮೇಲೆ ಕಳಿಸಿದಿರಿ. ಕರ್ತವ್ಯ ಏನೆಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಗುತ್ತೇನೆ, ಸಂಜೆ ಆರಕ್ಕೆ ಏಳುತ್ತೇನೆ. ಚಹಾದವನು ಗೋದಾಮಿನವರೆಗೆ ಬಂದು ಹಿಂದಿರುಗುತ್ತಾನೆ. ಕಾರ್ಖಾನೆಯ ಬಸ್ಸಿನಲ್ಲಿ ಜನ ನಿಂತಿರುತ್ತಾರೆ, ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ಹದಿನೇಳು ವರ್ಷ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿದ ಗೆಳೆಯರು ಈಗ ಎದುರಾದರೆ ಮೊಬೈಲ್ ತೆಗೆದು ಕಿವಿಗಿಡುತ್ತಾರೆ. ಒಮ್ಮೊಮ್ಮೆ ಮಧ್ಯಾಹ್ನ ನನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲು ನನ್ನ ಹೆಸರನ್ನು ನಾನೇ ಕರೆದುಕೊಂಡದ್ದಿದೆ. ಹೆಂಡತಿ ನೀಲಮ ಒಂದು ದಿನ, “ಖರೇ ಹೇಳಿದ್ದು ಚಲೋ ಆತ್ರಿ. ಆದ್ರ ದೀಪಾವಳಿಗಿ ಮಾಡಿದ ಉಂಡಿ-ಚಕ್ಕಲಿ ಫರಾಳ ಯಾರ ಮನಿಗೆ ಕೊಡ್ಲಿ?” ಎಂದು ಕೇಳಿದಳು.

ಇವೆಲ್ಲವನ್ನೂ ತಾಳಿಕೊಳ್ಳುತ್ತಿದ್ದೆ. ತಾಳಲಾಗದ್ದು ಬೇರೆ. ಕಾಮಣ್ಣನ ಹೆಂಡತಿ ಕಾಶಿಬಾಯಿಗೆ ನೀವು ಕಸಗುಡಿಸುವ ಕೆಲಸ ಕೊಟ್ಟಿರಿ. ಕೊಡುವ ಮೊದಲು, ಗಂಡ ತಾನಾಗಿ ಇಳಿದನೆಂಬ ಕಾಗದಕ್ಕೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಅಂದೇ ಆಕೆ ನನ್ನ ಕೋಣೆಗೆ ಬಂದು, “ನೀವು ಖರೇ ಹೇಳಿದ್ದು ನನಗ ಗೊತ್ತೈತ್ರಿ ಅಣ್ಣಾರ. ಇನ್ನ ಸುಮ್ನ ಇರ್ರಿ. ನೀವು ಮತ್ತ ಬಾಯಿ ತಗದ್ರ ನನ್ನ ಹೊರಗ ಹಾಕ್ತಾರ” ಎಂದಳು. ಯಾರಿಗಾಗಿ ಮಾತಾಡಿದೆನೋ ಅವಳೇ ಬೇಡವೆಂದಳು. ಮೂರು ವರ್ಷ ಆಕೆ ದಿನವೂ ನನ್ನ ಕಾಲ ಸುತ್ತಲಿನ ಕಸ ಗುಡಿಸಿದಳು. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ.

ನಿಮ್ಮ ಪುಸ್ತಿಕೆ ಬಂದಾಗ ಅದರ ಹಿಂಬದಿಯಲ್ಲಿ ಒಂದು ಫೋನ್ ನಂಬರ್ ಇತ್ತು. ‘ನಿರ್ಭಯವಾಗಿ ಹೇಳಿ, ನಿಮ್ಮ ಹೆಸರು ಗುಪ್ತ.’ ಕಾಶಿಬಾಯಿಗೆ ಕುತ್ತು ಬಾರದಂತೆ ಹೇಳಬಹುದೆಂದು ಕರೆ ಮಾಡಿದೆ. ಅತ್ತಲಿಂದ ಹಿಂದಿಯಲ್ಲಿ ಮಾತಾಡಿದ ಹುಡುಗಿ ಸತ್ತವನ ನೌಕರ ಸಂಖ್ಯೆ ಕೇಳಿದಳು. ಗುತ್ತಿಗೆಯವರಿಗೆ ಸಂಖ್ಯೆ ಇರುವುದಿಲ್ಲ ಎಂದೆ. ಸಂಖ್ಯೆಯಿಲ್ಲದೆ ದೂರು ಸ್ವೀಕರಿಸಲು ಆಗದೆಂದು ಬಹಳ ಮಧುರವಾಗಿ ಹೇಳಿದಳು. ಎರಡು ದಿನಕ್ಕೆ ಆಬಾಸಾಹೇಬರು ಕೋಣೆಯ ಬಾಗಿಲಲ್ಲಿ ನಿಂತು, “ಫೋನ್ ಮಾಡಾಕತ್ತೀರಂತ?” ಎಂದು ನಕ್ಕು ಹೋದರು.

ಕಳೆದ ತಿಂಗಳು ಕಾಮಣ್ಣನ ಮಗಳು ಭಾಗ್ಯಾ ಏಕಸಂಬಿಯ ನಮ್ಮ ಮನೆಗೆ ಬಂದಳು. ಹತ್ತನೆಯ ತರಗತಿ. ಒಳಗೆ ಬಾ ಎಂದರೂ ಬರಲಿಲ್ಲ. “ಕಾಕಾ, ನಮ್ಮಪ್ಪ ಯಾರ ಮಾತೂ ಕೇಳದ ಇಳದ ಸತ್ತ ಅಂತಾರ್ರಿ ಎಲ್ಲಾರೂ. ಅವ್ವನ ಕೇಳಿದ್ರ ಅಳತಾಳ. ನೀವರೆ ಹೇಳ್ರಿ, ಖರೇ ಏನು?”

ಸುಮ್ಮನಿರಬಹುದಿತ್ತು. ಆದರೆ ಆ ಹುಡುಗಿ ತಂದೆಯ ಮೇಲೆ ಸಿಟ್ಟು ಇಟ್ಟುಕೊಂಡೇ ಬೆಳೆಯುತ್ತಿದ್ದಳು. ಎಲ್ಲವನ್ನೂ ಹೇಳಿದೆ, ನನ್ನ ಸಹಿಯನ್ನೂ. ಅವಳು ನನ್ನ ಮುಖವನ್ನೇ ನೋಡಿದಳು. ಬೆನ್ನು ತಿರುಗಿಸಿ ಹೊರಟುಹೋದಳು. ಸಮಿತಿ, ಬಸ್ಸು, ಗೋದಾಮು ಯಾವುದೂ ನನ್ನನ್ನು ಅಷ್ಟು ಒಂಟಿ ಮಾಡಿರಲಿಲ್ಲ.

ಎಂಟು ದಿನದ ಮೇಲೆ ಕಾಶಿಬಾಯಿ ಕಸ ಗುಡಿಸುತ್ತ, ತಲೆ ಎತ್ತದೆ ಮಾತಾಡಿದಳು. “ಮಗಳು ಅಪ್ಪನ ಫೋಟೋ ಒರಸಿ ಗ್ವಾಡಿಗಿ ಹಾಕ್ಯಾಳ. ಹೆಬ್ಬೆಟ್ಟ ಒತ್ತಿದ್ದಕ್ಕ ನನ್ನ ಕೂಡ ಮಾತ ಬಿಟ್ಟಾಳ. ಬರೀರಿ ಅಣ್ಣಾರ, ಪೇಪರದಾಗ ಬರೀರಿ. ನನ್ನ ಕೆಲಸ ಹೋದ್ರ ಹೋಗ್ಲಿ.” ಬಾಗಿಲ ಬಳಿ ನಿಂತು, “ನಿಮ್ಮ ತಪ್ಪೂ ಬರೀರಿ ಮತ್ತ. ಅದನ್ನ ನಾ ಮರತಿಲ್ಲ” ಎಂದಳು.

ಬರೆದಿದ್ದೇನೆ. ಇನ್ನು ನಿಮ್ಮ ಸರದಿ. ‘ಸೂಚನೆಯನ್ನು ಮೀರಿ’, ‘ತಾನಾಗಿ ಇಳಿದು’ ಎಂಬುವನ್ನು ಹೊಡೆದು ‘ಇಳಿಸಲಾಗಿ’ ಎಂದು ಬರೆಯಿರಿ. ಇಳಿಸಿದವರ ಹೆಸರಿನ ಜೊತೆ ನನ್ನ ಹೆಸರನ್ನೂ ಸೇರಿಸಿ, ಶಿಕ್ಷೆ ಏನಿದ್ದರೂ ಕೊಡಿ. ಕಾಶಿಬಾಯಿಯ ಕೆಲಸವನ್ನು ಮುಟ್ಟಬೇಡಿ. ತಿದ್ದಿದ ವರದಿ ಕನ್ನಡದಲ್ಲಿರಲಿ. ಅದನ್ನು ಅಂಚೆಯಲ್ಲಿ ಕಳಿಸದೆ, ನೀವೇ ಬೇಡಕಿಹಾಳದ ಆ ಮನೆಗೆ ಒಯ್ದು ಕೊಡಿ. ಕರೆದರೆ ಒಳಗೆ ಕುಳಿತುಕೊಳ್ಳಿ. ಹುಡುಗಿ ಓದಿ ಮುಗಿಸುವವರೆಗೆ ಏಳಬೇಡಿ. ಅವಳು ಏನಾದರೂ ಕೇಳಿದರೆ ಉತ್ತರ ಕೊಡಿ.

ಇಂತಿ,
ಇನ್ನೂ ನಿಮ್ಮ ಸಂಬಳವನ್ನೇ ಉಣ್ಣುತ್ತಿರುವ
ಶಾಂತಿನಾಥ
ಏಕಸಂಬಿ, ನವೆಂಬರ್ 2015