ಐದನೇ ತಂತಿಯ ಪಕ್ಕದ ಬಾತುಕೋಳಿ

ಅಕ್ಟೋಬರ್ ೧೪, ಮಂಗಳವಾರ. ಫೋರ್ಟ್ ಕಾಲಿನ್ಸ್.

ಬಾತುಕೋಳಿ ಇವತ್ತೂ ನನ್ನನ್ನೇ ನೋಡಿತು.

ಘನತೆವೆತ್ತ ಬಾತು ಮಹಾಶಯರು ಕೂದಲೆಳೆಗಿಂತ ಸಣ್ಣವರು. ಚಿಪ್‌ನ ಮೇಲ್ಪದರದ ಖಾಲಿ ಜಾಗದಲ್ಲಿ, ಯಾರಿಗೂ ಹೇಳದೆ, ಲೋಹದಲ್ಲೊಂದು ಚಿತ್ರ ಬಚ್ಚಿಡುವುದು ನಮ್ಮ ಕಸುಬಿನವರ ಹಳೇ ಚಾಳಿ. ನಾನೂ ಬಿಡಿಸಿದೆ, ನಮ್ಮ ತಂಡದ ಹಿರಿಯರಾದ ವಿಲ್ಮಾ ಅವರ ಮೂಗನ್ನೇ ಕೊಕ್ಕು ಮಾಡಿ. ನಕ್ಷೆ ತಪಾಸಣೆಯಲ್ಲಿ ಕಂಪ್ಯೂಟರ್ ಎಚ್ಚರಿಸಿತ್ತು. “ಲಾಂಛನ, ಅಪಾಯವಿಲ್ಲ” ಎಂದು ಬರೆದು ಗಂಭೀರವಾಗಿ ಸಹಿ ಹಾಕಿದೆ.

ಚಿಪ್ ತಯಾರಾಗಿ ಬಂದಿದೆ. ಮೆಮೊರಿಯ ಜೊತೆ ನಿಧಾನವಾಗಿ ಮಾತಾಡಿಸಿದರೆ ಸರಿ. ಪೂರ್ತಿ ವೇಗಕ್ಕೆ ಏರಿಸಿದರೆ ಐದನೇ ತಂತಿ ಸುಳ್ಳು ಹೇಳುತ್ತದೆ, ಸೊನ್ನೆಯನ್ನು ಒಂದು ಅನ್ನುತ್ತದೆ. ಬಾತು ಕೂತಿರುವುದು ಅದರ ಪಕ್ಕದಲ್ಲೇ. ಅದರ ಲೋಹ ನೆರೆಯ ತಂತಿಯ ಗದ್ದಲವನ್ನು ಐದನೆಯದಕ್ಕೆ ದಾಟಿಸುತ್ತಿದೆ. ಇದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ. ನಿವೃತ್ತಿಗೆ ಮುಂಚಿನ ತಮ್ಮ ಕೊನೆಯ ಚಿಪ್ ಅಂತ ವಿಲ್ಮಾ ಒಂಬತ್ತು ದಿನದಿಂದ ತಪ್ಪು ಹುಡುಕುತ್ತ ತಮ್ಮ ಲೆಕ್ಕ ತಿರುವಿಹಾಕುತ್ತಿದ್ದಾರೆ.

ಸಂಜೆ ಲ್ಯಾಬಿನಲ್ಲಿ ಅಂದರು: “ವಯಸ್ಸಾಯ್ತು ಕಣೋ ಡೆಸ್. ನನ್ನ ಲೆಕ್ಕವೇ ತಪ್ಪಿರ್ಬೇಕು. ನಾಳೆ ಸಭೇಲಿ ಹಾಗೇ ಹೇಳ್ಬಿಡ್ತೀನಿ.”

“ನಿಮ್ಮ ಲೆಕ್ಕ ತಪ್ಪೋದಾ? ಭೂಮಿ ಬಾಯ್ಬಿಡುತ್ತೆ ಅಷ್ಟೇ!”

“ಹಲ್ಲು ಕಿರೀಬೇಡ ಕೋತಿ. ಹೋಗೋವಾಗ ಮೈಕ್ರೋಸ್ಕೋಪ್ ಆರಿಸು.”

ಆರಿಸಲು ಬಗ್ಗಿದೆ. ದಿನವಿಡೀ ಅದರ ಮುಂದೆ ಕೂತಿದ್ದವರು ಅವರೊಬ್ಬರೇ. ಮಸೂರದ ನಟ್ಟನಡುವೆ ಬಾತು, ಕೊಕ್ಕಿನ ತುದಿಯವರೆಗೂ ಸ್ಪಷ್ಟ.

ಅಂದರೆ ಅವರಿಗೆ ಗೊತ್ತು. ಗೊತ್ತಿದ್ದೂ ನನ್ನ ಹೆಸರೆತ್ತಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಆ ಮೂಗು.

ಸಭೆ ಒಂಬತ್ತಕ್ಕೆ. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಲ್ಲಬೇಕು. ತಮಾಷೆಯಿಲ್ಲದ ಒಂದೇ ಒಂದು ವಾಕ್ಯ ಸಾಕು: ಆ ಬಾತುಕೋಳಿಯನ್ನು ಅಲ್ಲಿಟ್ಟವನು…